ಇಂಗ್ಲಿಷಿನ ಸಣ್ಣ ಪದಗಳು: ಸದ್ದು ಒಂದೇ, ಬಳಗ ಬೇರೆ

(ಗದಗಿನಲ್ಲಿ ಹೈಸ್ಕೂಲ್ ಶಿಕ್ಷಕರು ಮತ್ತು ಪಾಲಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ ಇಂಗ್ಲಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳ ಹೆಸರನ್ನು ಬಿಡಿಸಿ ಬರೆದಿದ್ದೇನೆ.)

ಅಧ್ಯಕ್ಷರೇ, ಗುರುಗಳೇ, ಪಾಲಕರೇ, ಎಲ್ಲರಿಗೂ ಶರಣು.

ಹೈಸ್ಕೂಲಿನ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವ ರಜಾ ಅರ್ಜಿಯ ಮೊದಲ ಸಾಲನ್ನು ಇಲ್ಲಿರುವ ಶಿಕ್ಷಕರೆಲ್ಲ ನೋಡಿಯೇ ಇರುತ್ತೀರಿ. ‘ಇಂಥವರಿಂದ’ ಎಂದು ತಿಳಿಸುವ ಫ್ರಮ್ ಇರಬೇಕಾದ ಎಡಮೂಲೆಯಲ್ಲಿ ‘ನಮೂನೆ’ ಎಂಬ ಅರ್ಥದ ಫಾರ್ಮ್ ಬಂದು ಕುಳಿತಿರುತ್ತದೆ. ಎಫ್-ಆರ್-ಓ-ಎಮ್ ಆಗಬೇಕಾದದ್ದು ಎಫ್-ಓ-ಆರ್-ಎಮ್ ಆಗಿರುತ್ತದೆ. ನಾಲ್ಕು ಅಕ್ಷರಗಳಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ನಡುವಿನ ಎರಡು ಮಾತ್ರ ಜಾಗ ಬದಲಿಸಿವೆ. ಶಿಕ್ಷಕರು ಕೆಂಪು ಮಸಿಯಲ್ಲಿ ಸುತ್ತು ಹಾಕಿ ಹತ್ತು ಸಲ ಬರೆಯಲು ಹೇಳುತ್ತಾರೆ, ಮಗು ಹತ್ತು ಸಲ ಬರೆಯುತ್ತದೆ, ಮುಂದಿನ ಅರ್ಜಿಯಲ್ಲಿ ಮತ್ತೆ ಅದೇ ಫಾರ್ಮ್ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವ ದೊಡ್ಡವರ ಪಾಡೂ ಇದಕ್ಕಿಂತ ಬೇರೆಯಲ್ಲ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಾಗುಣಿತ ಮಾತ್ರ ನೋಡುವ ತಂತ್ರಾಂಶ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ.

ಇಂಥ ತಪ್ಪುಗಳಿಗೆ ಮಗುವಿನ ಅಲಕ್ಷ್ಯವೇ ಕಾರಣ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ನಾನು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷಿನ ಕಾಗುಣಿತ ಪದದ ಸದ್ದನ್ನು ಅರೆಬರೆಯಾಗಿ ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಪದ ಯಾವ ಬಳಗಕ್ಕೆ ಸೇರಿದ್ದು, ವಾಕ್ಯದಲ್ಲಿ ಅದು ಮಾಡುವ ಕೆಲಸ ಎಂಥದ್ದು ಎಂಬುದನ್ನು ಅದೇ ಕಾಗುಣಿತ ಬಹಳ ಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ ಎಂಬುದನ್ನು ಮಾತ್ರ ನಾವು ಮಕ್ಕಳಿಗೆ ತಿಳಿಸುವುದಿಲ್ಲ. ಮೂರು ನಾಲ್ಕು ಅಕ್ಷರಗಳ ಪುಟ್ಟ ಪದಗಳಲ್ಲಿ ಇದು ಎದ್ದು ಕಾಣುವುದರಿಂದ ಇವತ್ತಿನ ಮಾತನ್ನು ಅವುಗಳಿಗಷ್ಟೇ ಮೀಸಲಿಡುತ್ತೇನೆ.

ಮೊದಲು ನಮ್ಮ ಕಿವಿಯ ವಿಚಾರ. ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ ಎಂಬ ಅಭ್ಯಾಸ ಎಷ್ಟು ಗಟ್ಟಿಯಾಗಿದೆ ಎಂದರೆ, ಇಂಗ್ಲಿಷಿನಿಂದ ಬಂದ ಪದಗಳನ್ನೂ ನಾವು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡು, ಆ ಸದ್ದಿನಂತೆಯೇ ನೆನಪಿನಲ್ಲಿ ಇಟ್ಟುಕೊಳ್ಳುತ್ತೇವೆ. ತಹಶೀಲ್ದಾರರ ಕಚೇರಿಯಲ್ಲಿ ತುಂಬುವುದು ಅರ್ಜಿ ಫಾರಂ, ಊರ ಹೊರಗೆ ಇರುವುದು ಕೋಳಿ ಫಾರಂ. ಇಂಗ್ಲಿಷಿನಲ್ಲಿ ಒಂದಕ್ಕೆ ಓ, ಇನ್ನೊಂದಕ್ಕೆ ಎ; ನಮಗೆ ಎರಡೂ ಫಾರಂ. ಬೆಳಿಗ್ಗೆ ಹಾಲು ಹಾಕಲು ಹೋಗುವುದು ಡೈರಿಗೆ, ರಾತ್ರಿ ಕುಳಿತು ಬರೆಯುವುದೂ ಡೈರಿ. ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ ಅಲ್ಲದ ಎಣ್ಣೆ ಲೂಸ್ ಎಣ್ಣೆ, ‘ಕಳೆದುಕೊಳ್ಳು’ ಎಂಬ ಅರ್ಥದ ಕ್ರಿಯಾಪದವೂ ನಮ್ಮ ಬಾಯಲ್ಲಿ ಲೂಸ್. ಬ್ಯಾಂಕಿನ ಬೋರ್ಡಿನ ಮೇಲೆ ‘ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ’, ಗೋಡೆಯ ಮೇಲೆ ಸ್ವಿಚ್ ಆಫ್. ಹೀಗೆ ಎರಡು ಪದಗಳು ಒಂದೇ ಸದ್ದಾಗಿ ನಮ್ಮ ಮನಸ್ಸಿನಲ್ಲಿ ನೆಲೆಯಾದ ಮೇಲೆ, ಬರೆಯುವಾಗ ಕೈ ಯಾವುದಾದರೊಂದನ್ನು ಬರೆಯುತ್ತದೆ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಏಳನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು: “ಸರ್, ಅನ್ನೂವಾಗ ಎರಡೂ ಒಂದ ಅದಾವ, ಬರಿಯೂದು ಯಾಕ ಬ್ಯಾರೆ?” ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಯೂ ಕೇಳಲಾರ. ಅವಳು ಕೇಳಿದ್ದು ‘ತಿಳಿ’ ಎಂಬ ಅರ್ಥದ ನೋ ಮತ್ತು ‘ಇಲ್ಲ’ ಎಂಬ ಅರ್ಥದ ನೋ ಕುರಿತು. ಒಂದು ಕೆ-ಎನ್-ಓ-ಡಬ್ಲ್ಯು, ಇನ್ನೊಂದು ಎನ್-ಓ.

ಇದಕ್ಕೆ ಉತ್ತರವನ್ನು ಕನ್ನಡದಿಂದಲೇ ಆರಂಭಿಸುವುದು ಒಳ್ಳೆಯದು. ಹಾಲು ಕರೆಯುವುದು, ಮಕ್ಕಳನ್ನು ಊಟಕ್ಕೆ ಕರೆಯುವುದು, ಇವೆರಡೂ ಇವತ್ತು ಒಂದೇ ಕಾಗುಣಿತದ ಪದಗಳು. ಹಳಗನ್ನಡದಲ್ಲಿ ಹಾಗಿರಲಿಲ್ಲ. ಹಾಲಿನ ‘ಕಱೆ’ಯಲ್ಲಿ ಶಕಟರೇಫ ಇತ್ತು, ಕೂಗುವ ‘ಕರೆ’ಯಲ್ಲಿ ಇಂದಿನ ರಕಾರ. ಬದುಕು ಎಂಬ ಅರ್ಥದ ‘ಬಾೞ್’ ಪದದಲ್ಲಿ ೞಕಾರವಿತ್ತು, ಕತ್ತಿ ಎಂಬ ಅರ್ಥದ ‘ಬಾಳ್’ ಪದದಲ್ಲಿ ಳಕಾರವಿತ್ತು. ಆ ಎರಡು ಧ್ವನಿಗಳು ಮಾತಿನಿಂದ ಮರೆಯಾದವು, ಅವುಗಳ ಹಿಂದೆಯೇ ಆ ಅಕ್ಷರಗಳೂ ಬರಹದಿಂದ ಹೊರಟುಹೋದವು. ಧಾರವಾಡದಲ್ಲಿ ಯಾರ ಹೆಸರಿನ ಕಾಲೇಜು ಇದೆಯೋ ಆ ಕಿಟೆಲ್ ಅವರ 1894ರ ನಿಘಂಟನ್ನು ತೆರೆದು ನೋಡಿದರೆ ಇವು ಬೇರೆ ಬೇರೆಯಾಗಿಯೇ ದಾಖಲಾಗಿರುವುದು ಕಾಣುತ್ತದೆ. ಹಾಗೆಯೇ ‘ಪಾಲ್’ ಹಾಲಾಯಿತು, ‘ಪೋಗು’ ಹೋಗು ಆಯಿತು, ‘ಪುಲಿ’ ಹುಲಿಯಾಯಿತು. ನಾಲಿಗೆ ಬದಲಾದಂತೆ ಲೇಖನಿಯೂ ಬದಲಾಯಿತು. ಕನ್ನಡ ಮಾತನ್ನು ಹಿಂಬಾಲಿಸಿ ತನ್ನ ಬರಹವನ್ನು ತಿದ್ದಿಕೊಂಡ ಭಾಷೆ.

ಇಂಗ್ಲಿಷ್ ಹಾಗೆ ಮಾಡಲಿಲ್ಲ. ‘ತಿಳಿ’ ಎಂಬ ಪದವನ್ನು ಒಂದು ಕಾಲಕ್ಕೆ ಇಂಗ್ಲಿಷರು ಕಕಾರದೊಂದಿಗೆ, ‘ಕ್ನ’ ಎಂಬ ಒತ್ತಕ್ಷರ ಕೇಳುವಂತೆ ನುಡಿಯುತ್ತಿದ್ದರು. ನೈಫ್, ನೀ, ನಾಟ್ ಎಂಬ ಪದಗಳಲ್ಲಿ, ಎಂದರೆ ಚಾಕು, ಮೊಣಕಾಲು, ಗಂಟು ಎಂಬ ಅರ್ಥದ ಪದಗಳಲ್ಲಿ, ಬರಹದಲ್ಲಿ ಉಳಿದ ಕೆ ಒಂದು ಕಾಲದ ಮಾತೇ. ಇಂಗ್ಲಿಷಿನ ದಾಯಾದಿ ಭಾಷೆಯಾದ ಜರ್ಮನ್ನಿನಲ್ಲಿ ಮೊಣಕಾಲಿಗೆ ಇವತ್ತಿಗೂ ‘ಕ್ನೀ’ ಎಂದೇ ಅನ್ನುತ್ತಾರೆ. ಸುಮಾರು 1700ರ ಹೊತ್ತಿಗೆ ಇಂಗ್ಲಿಷರ ಬಾಯಿಂದ ಆ ಕಕಾರ ಜಾರಿಹೋಯಿತು. ಅಷ್ಟರೊಳಗೆ ಕಾಗುಣಿತ ಬಹುಮಟ್ಟಿಗೆ ಹೆಪ್ಪುಗಟ್ಟಿತ್ತು.

ಹೆಪ್ಪುಗಟ್ಟಿಸಿದ್ದರಲ್ಲಿ ಅಚ್ಚುಕೂಟದ ಪಾಲು ದೊಡ್ಡದು. ಮುದ್ರಣ ಕಾಶಿ ಎಂದು ಹೆಸರಾದ ಈ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊಳೆ ಜೋಡಿಸಿ ಅನುಭವವಿರುವ ಹಿರಿಯರಿಗೆ ಗೊತ್ತಿರುವಂತೆ, ಒಂದು ಪದವನ್ನು ಹಾಳೆಯಿಂದ ಹಾಳೆಗೆ ಒಂದೇ ರೀತಿ ಜೋಡಿಸುವುದು ಅಚ್ಚಿನ ಕೆಲಸದ ಶಿಸ್ತು. ಕೈಬರಹದ ಕಾಲದಲ್ಲಿ ಒಬ್ಬನೇ ಲಿಪಿಕಾರ ಒಂದೇ ಪುಟದಲ್ಲಿ ಒಂದು ಪದವನ್ನು ಎರಡು ರೀತಿ ಬರೆದರೂ ಕೇಳುವವರಿರಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ತೆರೆದ ಮೇಲೆ ಈ ಸಡಿಲಿಕೆ ನಿಧಾನವಾಗಿ ಕಡಿಮೆಯಾಗುತ್ತ ಬಂದಿತು. ಅವನು ಬಹುಕಾಲ ಫ್ಲಾಂಡರ್ಸ್ ಭಾಗದಲ್ಲಿ ಇದ್ದು ಬಂದವನು. ‘ಭೂತ’ ಎಂಬ ಅರ್ಥದ ಘೋಸ್ಟ್ ಪದದಲ್ಲಿ ಜಿ ಆದ ಮೇಲೆ ಎಚ್ ಬಂದದ್ದು ಆ ಸೀಮೆಯ ಬರವಣಿಗೆಯ ಪ್ರಭಾವದಿಂದ. ಸರಿಯಾಗಿ ಅದೇ ಕಾಲಾವಧಿಯಲ್ಲಿ, ಸುಮಾರು 1400ರಿಂದ 1700ರ ವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದರ ಜಾಗಕ್ಕೆ ಒಂದು ಸರಿಯುತ್ತಿದ್ದವು. ನಾಲಿಗೆ ಚಲಿಸುತ್ತಿತ್ತು, ಮೊಳೆ ನಿಂತಿತ್ತು. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ನರ ನಿಘಂಟು ಬರುವ ಹೊತ್ತಿಗೆ ಪದಗಳ ರೂಪ ಹೆಚ್ಚುಕಡಿಮೆ ಇವತ್ತಿನದೇ ಆಗಿತ್ತು.

ಆದ್ದರಿಂದ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಇವೆರಡೂ ಮೊದಲು ಬೇರೆ ಬೇರೆ ಸದ್ದಿನ ಪದಗಳೇ ಆಗಿದ್ದವು, ಸದ್ದು ಸೇರಿಹೋಯಿತು, ಬರಹ ಸೇರಲಿಲ್ಲ. ನಾವು ‘ಕಱೆ’ ಮತ್ತು ‘ಕರೆ’ಗಳನ್ನು ಒಂದೇ ಮಾಡಿಕೊಂಡೆವು, ಅವರು ಮಾಡಿಕೊಳ್ಳಲಿಲ್ಲ. ಯಾವುದು ಮೇಲು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನಮ್ಮ ದಾರಿಯಿಂದ ಓದು ಕಲಿಯುವ ಮಗುವಿಗೆ ಬಹಳ ಅನುಕೂಲವಾಯಿತು. ಅವರ ದಾರಿಯಿಂದ, ಓದುವವನ ಕಣ್ಣಿಗೆ ಅರ್ಥ ತಕ್ಷಣ ಸಿಗುವಂತಾಯಿತು.

ಈಗ ಇವತ್ತಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಯಾರೂ ಕಾಯ್ದೆ ಮಾಡಿ ಜಾರಿಗೆ ತರದಿದ್ದರೂ ಬಹುಪಾಲು ಪದಗಳು ಪಾಲಿಸುವ ಒಂದು ಪದ್ಧತಿ ಇದೆ. ವಸ್ತು, ಕ್ರಿಯೆ, ಗುಣಗಳನ್ನು ಹೆಸರಿಸುವ ತುಂಬು ಅರ್ಥದ ಪದಕ್ಕೆ ಕನಿಷ್ಠ ಮೂರು ಅಕ್ಷರ ಬೇಕು. ವಾಕ್ಯದ ಪದಗಳನ್ನು ಒಂದಕ್ಕೊಂದು ಹೊಂದಿಸುವ ಪುಟ್ಟ ಪದಗಳಿಗೆ ಮಾತ್ರ ಎರಡು ಅಕ್ಷರ, ಕೆಲವು ಸಲ ಒಂದೇ ಅಕ್ಷರ ಸಾಕು. ಇದನ್ನು ತಿಳಿದ ಮೇಲೆ ನಮ್ಮ ಮಕ್ಕಳನ್ನು ಕಾಡುವ ಅನೇಕ ಜೋಡಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

‘ಒಳಗೆ’ ಎಂಬ ಅರ್ಥದ ಇನ್ ಎರಡಕ್ಷರ, ಐ-ಎನ್. ಪ್ರವಾಸಿಗರು ತಂಗುವ ಮನೆಗೆ ಹೇಳುವ ಇನ್ ಮೂರಕ್ಷರ, ಎನ್ ಎರಡು ಸಲ. ‘ಇರು’ ಎಂಬ ಅರ್ಥದಲ್ಲಿ ವಾಕ್ಯಗಳನ್ನು ಹೊಂದಿಸುವ ಬಿ ಎರಡಕ್ಷರ, ಬಿ-ಇ. ಜೇನುಹುಳುವಾದ ಬೀ ಮೂರಕ್ಷರ, ಬಿ-ಇ-ಇ. ಇಂಥವರಿಂದ ಎಂಬ ಅರ್ಥದ ಬೈ ಎರಡಕ್ಷರ, ಬಿ-ವೈ. ಕೊಳ್ಳುವ ಬೈ ಮೂರಕ್ಷರ, ನಡುವೆ ಯು. ‘ಅಥವಾ’ ಎಂಬ ಆರ್ ಎರಡಕ್ಷರ, ಓ-ಆರ್. ಹೊಸಪೇಟೆಯ ಕಡೆಯಿಂದ ಬಂದು ನಮ್ಮ ಗದಗ ಜಂಕ್ಷನ್ ದಾಟಿ ಹೋಗುವ ಗೂಡ್ಸ್ ಗಾಡಿಗಳಲ್ಲಿ ತುಂಬಿರುವ ಅದಿರು ಮೂರಕ್ಷರ, ಓ-ಆರ್-ಇ. ದೋಣಿಯ ಹುಟ್ಟೂ ಮೂರಕ್ಷರ, ಓ-ಎ-ಆರ್. ‘ಹಾಗೆ, ಆದ್ದರಿಂದ’ ಎಂಬ ಸೋ ಎರಡಕ್ಷರ. ಹೊಲದಲ್ಲಿ ಬಿತ್ತುವ ಸೋ ಮತ್ತು ಬಟ್ಟೆ ಹೊಲಿಯುವ ಸೋ ಮೂರು ಮೂರು ಅಕ್ಷರ, ಒಂದರ ನಡುವೆ ಓ, ಇನ್ನೊಂದರ ನಡುವೆ ಇ. ‘ನಾನು’ ಎಂಬ ಐ ಒಂದೇ ಅಕ್ಷರ, ಕಣ್ಣು ಮೂರಕ್ಷರ.

ಈ ಪದ್ಧತಿಯ ಬಲ ಎಷ್ಟೆಂಬುದನ್ನು ಮೊಟ್ಟೆಯ ಇಂಗ್ಲಿಷ್ ಪದದಲ್ಲಿ ನೋಡಬಹುದು. ಲೆಗ್ ಎಂಬ ಪದಕ್ಕೆ ಕೊನೆಯಲ್ಲಿ ಒಂದೇ ಜಿ ಸಾಕಾಗಿದೆ. ಅದೇ ಪ್ರಾಸದ ಎಗ್ ಪದಕ್ಕೆ ಮಾತ್ರ ಎರಡು ಜಿ. ಕಿವಿಗೆ ಎರಡನೆಯ ಜಿ ಏನನ್ನೂ ಸೇರಿಸುವುದಿಲ್ಲ, ಪದವನ್ನು ಮೂರಕ್ಷರಕ್ಕೆ ಮುಟ್ಟಿಸುತ್ತದೆ ಅಷ್ಟೆ. ದುಃಖದ ಸ್ಯಾಡ್ ಪದಕ್ಕೆ ಒಂದು ಡಿ, ಕೂಡಿಸುವ ಆ್ಯಡ್ ಪದಕ್ಕೆ ಎರಡು. ಕೋಲಿನ ರಾಡ್ ಪದಕ್ಕೆ ಒಂದು ಡಿ, ಬೆಸ ಸಂಖ್ಯೆಯ ಆಡ್ ಪದಕ್ಕೆ ಎರಡು. ಜೇಡರ ಬಲೆಯ ವೆಬ್ ಪದಕ್ಕೆ ಒಂದು ಬಿ, ಸಮುದ್ರದ ನೀರು ಇಳಿಯುವುದನ್ನು ಹೇಳುವ ಎಬ್ ಪದಕ್ಕೆ ಎರಡು. ಹಲಗೆಯ ಮೇಲೆ ಈ ಪದಗಳನ್ನು ಒಂದರ ಕೆಳಗೆ ಒಂದು ಬರೆದು, ಎರಡನೆಯ ಅಕ್ಷರ ಯಾಕೆ ಬಂತು ಎಂದು ಕೇಳಿ ಸುಮ್ಮನಿದ್ದರೆ, ಉತ್ತರವನ್ನು ಮಕ್ಕಳೇ ಹುಡುಕುತ್ತಾರೆ. ಅಪವಾದಗಳು ಇಲ್ಲದಿಲ್ಲ. ಹೋಗು, ಮಾಡು ಎಂಬ ಅರ್ಥದ ಗೋ, ಡೂ ಎರಡೇ ಅಕ್ಷರದವು, ಆದರೆ ಅವು ದಿನವಿಡೀ ಬಳಕೆಯಾಗುವ ಪದಗಳು. ಎತ್ತಿನ ಆಕ್ಸ್ ಕೂಡ ಎರಡಕ್ಷರ, ಅದರ ಎಕ್ಸ್ ಒಂದೇ ‘ಕ್ಸ್’ ಎಂದು ಎರಡು ವ್ಯಂಜನ ನುಡಿಸುತ್ತದೆ.

ಕನ್ನಡ ಮಗುವಿಗೆ ಇದನ್ನು ವಿವರಿಸುವ ಹತ್ತಿರದ ದಾರಿ ನಮ್ಮ ವ್ಯಾಕರಣದಲ್ಲೇ ಇದೆ. ಇಂಗ್ಲಿಷಿನ ಇನ್ ಮಾಡುವ ಕೆಲಸವನ್ನು ನಮ್ಮಲ್ಲಿ ‘ಅಲ್ಲಿ’ ಮಾಡುತ್ತದೆ, ಟು ಕೆಲಸವನ್ನು ‘ಗೆ’ ಅಥವಾ ‘ಕ್ಕೆ’, ಫ್ರಮ್ ಕೆಲಸವನ್ನು ‘ಇಂದ’, ಆಫ್ ಕೆಲಸವನ್ನು ಮನೆಯ, ಊರಿನ ಎಂಬಲ್ಲಿ ಬರುವ ‘ಅ’ ಎಂಬ ಷಷ್ಠೀ ವಿಭಕ್ತಿ, ಹೋಲಿಕೆಯ ದ್ಯಾನ್ ಕೆಲಸವನ್ನು ‘ಗಿಂತ’. ನಮ್ಮಲ್ಲಿ ಇವು ಪದಕ್ಕೆ ಅಂಟಿಕೊಂಡು ಬರುವ ಪ್ರತ್ಯಯಗಳು, ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಪದಗಳು. ಮಗು ಇವುಗಳನ್ನು ಪ್ರತ್ಯೇಕ ಪದಗಳೆಂದು ಎಂದೂ ಯೋಚಿಸಿದ್ದಿಲ್ಲ. ಹಾಗಾಗಿಯೇ ಇವುಗಳ ರೂಪ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಪ್ರತ್ಯಯದ ಕೆಲಸದವು ಸಾಮಾನ್ಯವಾಗಿ ಚಿಕ್ಕವು, ನಾಮಪದ ಮತ್ತು ಕ್ರಿಯಾಪದಗಳ ಕೆಲಸದವು ತುಸು ದೊಡ್ಡವು ಎಂದು ಒಮ್ಮೆ ತೋರಿಸಿಕೊಟ್ಟರೆ, ವಿಭಕ್ತಿ ಕಲಿತ ಆರನೆಯ ತರಗತಿಯ ಮಗು ಅದನ್ನು ಹಿಡಿಯುತ್ತದೆ. ರಜಾ ಅರ್ಜಿಯಲ್ಲಿ ಬೇಕಾದದ್ದು ‘ಇಂದ’ ಎಂಬ ಪ್ರತ್ಯಯ, ಕಚೇರಿಯಲ್ಲಿ ತುಂಬುವುದು ಒಂದು ವಸ್ತು. ಆ ವಸ್ತುವಿನ ಬಳಗದಲ್ಲಿ ಫಾರ್ಮ್ಯಾಟ್, ಯೂನಿಫಾರ್ಮ್ ಇವೆ, ಅವುಗಳಲ್ಲೆಲ್ಲ ಎಫ್ ಆದ ಮೇಲೆ ಓ. ಶಾಲೆಯ ಯೂನಿಫಾರ್ಮ್ ತೊಟ್ಟು ಕುಳಿತ ಮಗುವಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ.

ಇನ್ನು ಕೆಲವು ಜೋಡಿಗಳ ಕಥೆ ಇದಕ್ಕೂ ಹೆಚ್ಚು ಸ್ವಾರಸ್ಯದ್ದು. ಅವು ಮೂಲದಲ್ಲಿ ಒಂದೇ ಪದ. ಬ್ಯಾಂಕಿನ ಬೋರ್ಡಿನ ಆಫ್ ಮತ್ತು ಸ್ವಿಚ್ಚಿನ ಆಫ್ ಹಳೆಯ ಇಂಗ್ಲಿಷಿನಲ್ಲಿ ಒಂದೇ ಆಗಿದ್ದವು, ‘ದೂರಕ್ಕೆ, ಅಲ್ಲಿಂದ’ ಎಂಬುದು ಅದರ ಅರ್ಥವಾಗಿತ್ತು. ವಾಕ್ಯದಲ್ಲಿ ಒತ್ತಿ ನುಡಿದಾಗ ಅದರ ಎಫ್ ಗಟ್ಟಿಯಾಗಿಯೇ ಉಳಿಯಿತು. ಒತ್ತಿಲ್ಲದೆ, ಎರಡು ಪದಗಳ ನಡುವೆ ತೇಲಿಸಿ ನುಡಿದಾಗ ಆ ಎಫ್ ಮೆತ್ತಗಾಗಿ ವಕಾರದತ್ತ ಜಾರಿತು. ಆದ್ದರಿಂದಲೇ ಇಂಗ್ಲಿಷರು ಬ್ಯಾಂಕಿನ ಬೋರ್ಡಿನ ಪದವನ್ನು ‘ಅವ್’ ಎಂಬಂತೆ ನುಡಿಯುತ್ತಾರೆ. ಎಫ್ ಎಂದು ಬರೆದು ವಕಾರ ನುಡಿಯುವ ಬೇರೆ ನಿತ್ಯಬಳಕೆಯ ಪದ ಆ ಭಾಷೆಯಲ್ಲಿ ಇಲ್ಲ. 1600ರ ನಂತರವಷ್ಟೇ ಇವುಗಳ ಕಾಗುಣಿತ ಖಚಿತವಾಗಿ ಬೇರೆಯಾಯಿತು. ಪ್ರತ್ಯಯದ ಕೆಲಸಕ್ಕೆ ಎರಡಕ್ಷರ, ಒತ್ತು ಹೊತ್ತ ಪದಕ್ಕೆ ಮೂರಕ್ಷರ. ಹಿಂದೆ ಹೇಳಿದ ಪದ್ಧತಿ ಇಲ್ಲಿಯೂ ಕೆಲಸ ಮಾಡಿದೆ.

ಟು ಮತ್ತು ಟೂ ಕೂಡ ಹೀಗೆಯೇ. ‘ಗೆ’ ಎಂಬ ಅರ್ಥದ ಟಿ-ಓ ಒತ್ತಿಲ್ಲದ ರೂಪ. ಅದೇ ಪದವನ್ನು ಒತ್ತಿ ನುಡಿದಾಗ ‘ಕೂಡ’ ಎಂಬ ಅರ್ಥ ಬಂದಿತು, ಹದಿನಾರನೆಯ ಶತಮಾನದಿಂದ ಅದನ್ನು ಎರಡು ಓ ಹಾಕಿ ಬರೆಯತೊಡಗಿದರು. ನಮ್ಮಲ್ಲಿ ‘ನಾನು’ ಎಂಬುದು ‘ನಾನೂ’ ಆದಾಗ ಕೊನೆಯ ಸ್ವರ ದೀರ್ಘವಾಗುತ್ತದೆ. ಅರ್ಥ ‘ನಾನು ಕೂಡ’ ಎಂದಾಗುತ್ತದೆ. ಕನ್ನಡದಲ್ಲಿ ದೀರ್ಘ ಬರುವ ಕಡೆ ಇಂಗ್ಲಿಷಿನಲ್ಲಿ ಎರಡನೆಯ ಓ ಬರುತ್ತದೆ ಎಂದು ಹೇಳಿಕೊಟ್ಟರೆ ಈ ಒಂದು ತಪ್ಪು ತರಗತಿಯಿಂದ ಬೇಗ ಕಡಿಮೆಯಾಗುತ್ತದೆ. ಎರಡು ಎಂಬ ಸಂಖ್ಯೆಯ ಟೂ ಮಾತ್ರ ಇವುಗಳ ನೆಂಟನಲ್ಲ. ಅದರ ನಡುವಿನ ಡಬ್ಲ್ಯು ಈಗ ಕೇಳಿಸುವುದಿಲ್ಲವಾದರೂ ಅದರ ಬಳಗದಲ್ಲೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ: ಟ್ವೆಲ್ವ್, ಟ್ವೆಂಟಿ, ಟ್ವೈಸ್, ಅವಳಿಯ ಟ್ವಿನ್, ನಡುವಿನ ಬಿಟ್ವೀನ್. ಈ ಐದನ್ನೂ ಹೇಳಿಸಿ, ಆಮೇಲೆ ಎರಡನ್ನು ಬರೆಸಿದರೆ ಡಬ್ಲ್ಯು ಬಿಟ್ಟುಹೋಗುವುದಿಲ್ಲ.

ದೆನ್ ಮತ್ತು ದ್ಯಾನ್ ಎಂಬ ಜೋಡಿ ನಮ್ಮ ಭಾಗದ ಪದವೀಧರರನ್ನೂ ಕಾಡುತ್ತದೆ. ಇವೂ ಒಂದೇ ಪದದ ಎರಡು ರೂಪಗಳು. ಒಂದಕ್ಕೆ ಇ, ಇನ್ನೊಂದಕ್ಕೆ ಎ ಎಂಬುದು ನೆಲೆಗೊಂಡದ್ದು 1700ರ ಸುಮಾರಿಗೆ. ಮೂಲ ಒಂದೇ ಆದ್ದರಿಂದ ಮೂಲದ ಕಥೆಯಿಂದ ಇಲ್ಲಿ ಪ್ರಯೋಜನವಾಗುವುದಿಲ್ಲ, ಬಳಗದಿಂದ ಆಗುತ್ತದೆ. ಕನ್ನಡದಲ್ಲಿ ಇಲ್ಲಿ, ಅಲ್ಲಿ, ಎಲ್ಲಿ ಎಂಬ ಮೂರು ಪದಗಳು ಮೊದಲ ಅಕ್ಷರವನ್ನಷ್ಟೇ ಬದಲಿಸಿಕೊಂಡು ಹತ್ತಿರ, ದೂರ, ಪ್ರಶ್ನೆ ಎಂಬ ಮೂರು ಅರ್ಥ ಕೊಡುತ್ತವೆ. ಇಂಗ್ಲಿಷಿನಲ್ಲಿಯೂ ಇದಕ್ಕೆ ಸರಿಸಾಟಿಯಾದ ಏರ್ಪಾಡಿದೆ: ಹಿಯರ್, ದೇರ್, ವೇರ್. ಮೂರರ ಕೊನೆಯಲ್ಲೂ ಎಚ್-ಇ-ಆರ್-ಇ ಹಾಗೆಯೇ ಇದೆ; ಮುಂದೆ ಏನೂ ಇಲ್ಲದಿದ್ದರೆ ಇಲ್ಲಿ, ಟಿ ಬಂದರೆ ಅಲ್ಲಿ, ಡಬ್ಲ್ಯು ಬಂದರೆ ಎಲ್ಲಿ. ಇಲ್ಲಿ ಎಂಬ ಪದ ‘ಅಲ್ಲಿ’ಯ ಒಳಗೂ ಇದೆ, ‘ಎಲ್ಲಿ’ಯ ಒಳಗೂ ಇದೆ. ಅದೇ ರೀತಿ ‘ಆಗ’ ಎಂಬ ದೆನ್, ‘ಯಾವಾಗ’ ಎಂಬ ವೆನ್ ಪದದ ಜೋಡಿ. ಎರಡರ ಕೊನೆಯೂ ಎಚ್-ಇ-ಎನ್. ಕಾಲವನ್ನು ಹೇಳಬೇಕಾದಾಗ ವೆನ್ ನೆನಪಾದರೆ ಕೈ ತಾನಾಗಿ ಇ ಬರೆಯುತ್ತದೆ, ಉಳಿದ ಎ ‘ಗಿಂತ’ ಎಂಬ ಅರ್ಥಕ್ಕೆ.

ಈ ಬಳಗ ಗೊತ್ತಾದವರಿಗೆ ‘ಅವರ’ ಎಂಬ ಅರ್ಥದ ದೇರ್ ಕೂಡ ತೊಡಕಾಗುವುದಿಲ್ಲ. ಅದು ಟಿ-ಎಚ್-ಇ-ವೈ ಎಂಬ ‘ಅವರು’ ಪದದ ಮನೆಯದು. ಅಲ್ಲಿಯ ವೈ ಇಲ್ಲಿ ಐ ಆಗಿದೆ. ಅವರು, ಅವರ, ಅವರನ್ನು ಎಂಬ ಅರ್ಥದ ಈ ಮೂರು ಪದಗಳೂ ಇಂಗ್ಲೆಂಡಿನ ಮೇಲೆ ದಾಳಿ ಮಾಡಿ ಅಲ್ಲಿಯೇ ನೆಲೆಸಿದ ಸ್ಕ್ಯಾಂಡಿನೇವಿಯದವರ ಭಾಷೆಯಿಂದ ಬಂದವು. ಸರ್ವನಾಮಗಳನ್ನು ಒಂದು ಭಾಷೆ ಇನ್ನೊಂದರಿಂದ ಪಡೆಯುವುದು ಬಹಳ ಅಪರೂಪ. ನೆರೆಹೊರೆಯಲ್ಲಿ ಬದುಕಿದ ಎರಡು ಜನಾಂಗಗಳು ಎಷ್ಟು ಹತ್ತಿರವಾಗಿದ್ದವು ಎಂಬುದಕ್ಕೆ ಈ ಐದಕ್ಷರದ ಪದ ಸಾಕ್ಷಿ. ‘ಕೇಳು’ ಎಂಬ ಹಿಯರ್ ಪದದಲ್ಲಿ ಕಿವಿ, ಅಂದರೆ ಇ-ಎ-ಆರ್, ಇಡಿಯಾಗಿ ಕುಳಿತಿದೆ. ಇದನ್ನು ಅನೇಕ ಶಿಕ್ಷಕರು ಈಗಾಗಲೇ ಹೇಳಿಕೊಡುತ್ತಾರೆ.

ಇಲ್ಲಿ ಕನ್ನಡಿಗರ ಕಿವಿಯ ಒಂದು ಗುಣವನ್ನು ಹೇಳಲೇಬೇಕು. ಟಿ-ಎಚ್ ಅಕ್ಷರಗಳಿಂದ ಆರಂಭವಾಗುವ ದಿಸ್, ದಟ್, ದೆನ್, ದೇರ್ ಮುಂತಾದವನ್ನು ನಾವು ದಕಾರದಿಂದ ಬರೆಯುತ್ತೇವೆ. ಥಿನ್, ಥಿಂಕ್, ಥಿಕ್ ಎಂಬ ತೆಳು, ಯೋಚನೆ, ದಪ್ಪದ ಪದಗಳನ್ನು ಥಕಾರದಿಂದ ಬರೆಯುತ್ತೇವೆ. ಇಂಗ್ಲಿಷ್ ಲಿಪಿ ಈ ಭೇದವನ್ನು ತೋರಿಸುವುದೇ ಇಲ್ಲ, ನಮ್ಮ ಕಿವಿ ಅದನ್ನು ತಪ್ಪದೆ ಹಿಡಿದಿದೆ. ವಾಕ್ಯ ಹೊಂದಿಸುವ, ಒತ್ತಿಲ್ಲದ ಪದಗಳಲ್ಲೇ ಆ ಧ್ವನಿ ಮೆತ್ತಗಾಗಿ ದಕಾರದ ಕಡೆಗೆ ಬಂದದ್ದು. ಬ್ಯಾಂಕಿನ ಬೋರ್ಡಿನ ಎಫ್ ಮೆತ್ತಗಾದದ್ದಕ್ಕೂ ಇದೇ ಕಾರಣ. ಎಷ್ಟೋ ಸಲ ಕನ್ನಡದ ಪ್ರಭಾವದಿಂದ ಇಂಗ್ಲಿಷ್ ಕೆಡುತ್ತದೆ ಎಂದು ಹೇಳುವುದನ್ನು ಕೇಳಿದ್ದೇವೆ. ಕನ್ನಡದಿಂದ ಪಳಗಿದ ಕಿವಿಗೆ ಇಂಗ್ಲಿಷಿನ ಒಳರಚನೆ ಇಷ್ಟು ಚೆನ್ನಾಗಿ ಕೇಳುತ್ತದೆ ಎಂಬುದನ್ನೂ ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳಬೇಕು.

ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಕಳೆದುಕೊಳ್ಳುವ ಲೂಸ್ ಪದಕ್ಕೆ ಒಂದು ಓ, ಸಡಿಲವಾದ ಲೂಸ್ ಪದಕ್ಕೆ ಎರಡು. ಆಯ್ಕೆಯ ಚೂಸ್ ಪದಕ್ಕೆ ಎರಡು ಓ ಇರುವುದರಿಂದ ಅದರ ಪ್ರಾಸದ ‘ಕಳೆದುಕೊಳ್ಳು’ವಿಗೂ ಎರಡು ಇರಬೇಕೆಂದು ಮಗು ಊಹಿಸಿದರೆ ಆ ಊಹೆಯಲ್ಲಿ ತಪ್ಪಿಲ್ಲ, ಕಾಗುಣಿತದಲ್ಲಿಯೇ ಅಂಕುಡೊಂಕಿದೆ. ನಷ್ಟದ ಲಾಸ್, ಕಳೆದುಹೋದದ್ದರ ಲಾಸ್ಟ್ ಎರಡಕ್ಕೂ ಒಂದೇ ಓ ಎಂದು ಬಳಗ ತೋರಿಸುವುದೇ ಉಳಿದ ದಾರಿ. ಕ್ವಿಟ್, ಕ್ವೈಟ್, ಕ್ವಯಟ್ ಎಂಬ ಬಿಡುವುದು, ಸಾಕಷ್ಟು, ಶಾಂತ ಎಂಬ ಮೂರು ಪದಗಳು ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಶಾಂತ ಎಂಬುದಕ್ಕೆ ಮಾತ್ರ ಎರಡು ಉಚ್ಚಾರಾಂಶ, ಆದ್ದರಿಂದ ಐ ಮತ್ತು ಇ ಎರಡೂ ಟಿ ಬರುವ ಮೊದಲೇ ಬರುತ್ತವೆ. ಡೈರಿಯ ಗೊಂದಲಕ್ಕೆ ಇನ್ನೊಂದು ಪದವೂ ಸೇರಿಕೊಂಡಿದೆ. ದಿನಚರಿ ದಿನಾಲೂ ಬರೆಯುವಂಥದ್ದು, ದಿನಾಲೂ ಎಂಬ ಡೇಲಿಯಲ್ಲಿ ಎ ಮೊದಲು, ಐ ಆಮೇಲೆ. ಮಗು ಅದನ್ನೇ ದಿನಚರಿಗೂ ಹಚ್ಚುತ್ತದೆ. ದಿನಚರಿಯ ಪದ ಬಂದದ್ದು ದಿನ ಎಂಬ ಅರ್ಥದ ಲ್ಯಾಟಿನ್ನಿನ ‘ದಿಯೆಸ್’ ಎಂಬುದರಿಂದ, ಹಾಗಾಗಿ ಅಲ್ಲಿ ಐ ಮೊದಲು. ಹಾಲಿನ ಡೇರಿ ಅಪ್ಪಟ ಇಂಗ್ಲಿಷ್ ಬೇರಿನದು, ಮೊದಲಿಗೆ ಹಾಲು ಬೆಣ್ಣೆಯ ಕೆಲಸ ನೋಡಿಕೊಳ್ಳುವ ಹೆಣ್ಣಾಳಿನ ಹೆಸರಿನಿಂದ ಹುಟ್ಟಿದ್ದು. ಸೂರ್ಯ ಮತ್ತು ಮಗನ ಪದಗಳಾದ ಸನ್ ಜೋಡಿಯಲ್ಲಿ ಮಗನಿಗೆ ಓ ಬಂದದ್ದಕ್ಕೆ ಪಂಡಿತರು ಕೊಡುವ ವಿವರಣೆ ಲಿಪಿಯದು: ಹಳೆಯ ಕೈಬರಹದಲ್ಲಿ ಯು, ಎನ್, ಎಮ್ ಎಲ್ಲವೂ ಒಂದೇ ಬಗೆಯ ನಿಲುಗೀಟುಗಳಿಂದ ಕೂಡಿದ್ದವು, ಪಕ್ಕಪಕ್ಕ ಬಂದಾಗ ಓದಲು ತೊಡಕಾಗುತ್ತಿದ್ದುದರಿಂದ ಲಿಪಿಕಾರರು ಯು ಬದಲಿಗೆ ದುಂಡಗಿನ ಓ ಬರೆಯುವುದನ್ನು ರೂಢಿಸಿಕೊಂಡರು.

ತರಗತಿಯ ಬಗ್ಗೆ ಎರಡು ಮಾತು. ಬಹುತೇಕ ಶಾಲೆಗಳ ಗೋಡೆಯ ಮೇಲೆ ಒಂದೇ ಸದ್ದಿನ ಪದಗಳ ಜೋಡಿಪಟ್ಟಿ ತೂಗುತ್ತಿರುತ್ತದೆ. ಪ್ರೀತಿಯಿಂದ ಬರೆದು ಹಚ್ಚಿದ ಆ ಪಟ್ಟಿಗಳು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನೂ ಒಂದನ್ನೂ ಸರಿಯಾಗಿ ಕಲಿಯದ ಮಗುವಿಗೆ ಎರಡನ್ನೂ ಒಟ್ಟಿಗೆ ತೋರಿಸಿದರೆ ಅವು ನೆನಪಿನಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಕೂರುತ್ತವೆ, ಆಮೇಲೆ ಬಿಡಿಸುವುದು ಕಷ್ಟ. ಎರಡು ಎಂಬ ಸಂಖ್ಯೆಯ ಟೂ ಪದವನ್ನು ಟ್ವೆಲ್ವ್, ಟ್ವೆಂಟಿಗಳೊಂದಿಗೆ ಒಂದು ವಾರ ಕಲಿಸಬೇಕು. ಅದು ಗಟ್ಟಿಯಾದ ಮೇಲೆ, ಇನ್ನೊಂದು ಪಾಠದಲ್ಲಿ, ‘ನಾನೂ’ ಎಂಬ ವಾಕ್ಯದ ಜೊತೆಗೆ ಟಿ-ಓ-ಓ ಬರಲಿ. ಡಿಕ್ಟೇಷನ್ ಕೊಡುವಾಗಲೂ ಬಿಡಿ ಪದಗಳನ್ನು ಕೂಗಿ ಬರೆಸುವುದನ್ನು ಬಿಟ್ಟುಬಿಡಬೇಕು. ಬಿಡಿಯಾಗಿ ‘ಬೈ’ ಎಂದು ಕೂಗಿದರೆ ಮಗು ಯಾವುದನ್ನು ಬರೆಯಬೇಕು? ‘ನಾವು ಹುಬ್ಬಳ್ಳಿಯಲ್ಲಿ ಪುಸ್ತಕ ಕೊಳ್ಳುತ್ತೇವೆ’ ಎಂಬ ಅರ್ಥದ ಇಡೀ ಇಂಗ್ಲಿಷ್ ವಾಕ್ಯವನ್ನು ಹೇಳಿದರೆ ಅರ್ಥದ ಹಿಂದೆಯೇ ಕಾಗುಣಿತ ಬರುತ್ತದೆ.

ಮಾತು ಮುಗಿದ ಮೇಲೆ ಪಾಲಕರೊಬ್ಬರು ಇಟ್ಸ್ ಪದದ ಮೇಲಿನ ಕೊಕ್ಕೆಯ ಬಗ್ಗೆ, ಅಂದರೆ ಅಪಾಸ್ಟ್ರಫಿಯ ಬಗ್ಗೆ ಕೇಳಿದರು. ‘ಅದರ’ ಎಂಬ ಅರ್ಥದಲ್ಲಿ ಕೊಕ್ಕೆ ಇಲ್ಲ, ‘ಅದು ಇದೆ’ ಎಂಬ ಎರಡು ಪದಗಳನ್ನು ಕೂಡಿಸಿದಾಗ ಇದೆ. ‘ರಾಮನ’, ‘ಶಾಲೆಯ’ ಎನ್ನಲು ನಾಮಪದಗಳಿಗೆ ಕೊಕ್ಕೆ ಹಾಕುವುದನ್ನು ಕಲಿತ ಮಗು ‘ಅದರ’ ಎನ್ನಲು ಕೂಡ ಹಾಕುವುದು ಸಹಜ. ಇಂಗ್ಲಿಷರು ಸ್ವತಃ 1800ರ ಸುಮಾರಿನ ವರೆಗೆ ಹಾಗೆ ಬರೆಯುವುದು ಸಾಮಾನ್ಯವಾಗಿತ್ತು. ಈಗಿನ ರೂಢಿಯನ್ನು ಕಲಿಸಲು ಮತ್ತೆ ಬಳಗವನ್ನೇ ಕರೆಯಬೇಕು: ಹಿಸ್, ಹರ್ಸ್, ಅವರ್ಸ್, ಯುವರ್ಸ್ ಎಂಬ ಅವನ, ಅವಳ, ನಮ್ಮ, ನಿಮ್ಮ ಎಂಬ ಸರ್ವನಾಮಗಳಲ್ಲಿ ಯಾವುದಕ್ಕೂ ಕೊಕ್ಕೆ ಇಲ್ಲ, ಆದ್ದರಿಂದ ‘ಅದರ’ ಎಂಬುದಕ್ಕೂ ಇಲ್ಲ. ಸಂಶಯ ಬಂದ ಕಡೆ ಆ ಪದವನ್ನು ಬಿಡಿಸಿ ‘ಇಟ್ ಈಸ್’ ಎಂದು ಗಟ್ಟಿಯಾಗಿ ಓದಬೇಕು. ವಾಕ್ಯ ಸರಿಯಾಗಿ ಕೇಳಿದರೆ ಕೊಕ್ಕೆ ಇರಲಿ. ನಾಯಿ ತನ್ನ ಬಾಲ ಅಲ್ಲಾಡಿಸಿತು ಎಂಬ ವಾಕ್ಯದಲ್ಲಿ ಹಾಗೆ ಓದಿದಾಗ ಅರ್ಥ ಕೆಡುತ್ತದೆ, ಅಲ್ಲಿ ಕೊಕ್ಕೆ ಬೇಡ.